ಎರಡು ಗಂಟಿನ ಬಾಟಲಿ

ಮೂರು ವಾರದಿಂದ ಮಗಳ ಕಾರಿನ ಸ್ಟೀರಿಂಗ್ ಎಣ್ಣೆ ಇಳಿಯುತ್ತಲೇ ಇತ್ತು. ನೆಲಕ್ಕೆ ಮಾತ್ರ ಒಂದು ತೊಟ್ಟೂ ಬೀಳುತ್ತಿರಲಿಲ್ಲ.

ಮೇಸ್ತ್ರಿಯ ತಲೆ ತಿನ್ನುತ್ತಿದ್ದುದು ಇದೇ. ಸೋರುವ ಗಾಡಿ ಕಂಡು ಅವನು ಹೆದರಿದವನಲ್ಲ. ನಲವತ್ತು ವರ್ಷ ಗಾಡಿಗಳ ಹೊಟ್ಟೆಯಡಿ ಮಲಗಿ ಎದ್ದವನು. ಸೋರಿದ ಎಣ್ಣೆ ಎಲ್ಲಾದರೂ ಮುಖ ತೋರಿಸಲೇಬೇಕು. ನೆಲದ ಮೇಲೆ, ಇಂಜಿನ್ನಿನ ಮೈಮೇಲೆ, ಇಲ್ಲವೆಂದರೆ ಬಿಸಿ ಸೈಲೆನ್ಸರಿಗೆ ತಾಗಿ ಹೊಗೆಯಾಗಿಯಾದರೂ. ಹೇಳದೆ ಕೇಳದೆ ಮಾಯವಾಗುವ ಎಣ್ಣೆಯನ್ನು ಮಾತ್ರ ಅವನು ನಂಬುತ್ತಿರಲಿಲ್ಲ.

ಮೊದಲು ಹೀಗಿರಲಿಲ್ಲ. ಮೊದಲು ಸರಿಯಾಗಿಯೇ ಸೋರುತ್ತಿತ್ತು. ಒಂದು ಬೆಳಿಗ್ಗೆ ಮಗಳು ಕಾರನ್ನು ಶೆಡ್ಡಿನ ಮುಂದೆ ನಿಲ್ಲಿಸಿ, "ಅಪ್ಪಾ, ನಿನ್ನ ಬೆಂಕಿಪೊಟ್ಟಣ ಅಳ್ತಾ ಇದೆ" ಅಂದಿದ್ದಳು. ಕಾರು ಅಷ್ಟು ಚಿಕ್ಕದು, ಅದಕ್ಕೇ ಮನೆಯವರೆಲ್ಲ ಇಟ್ಟ ಹೆಸರು ಅದು. ಅವಳು ಸ್ಟೀರಿಂಗನ್ನು ಕೊನೆಯವರೆಗೂ ತಿರುಗಿಸಿ ಹಿಡಿದಳು. ಬಾನೆಟ್ಟಿನ ಒಳಗಿನಿಂದ ಗುಂಯ್ ಎಂದು ಒಂದು ಸ್ವರ ಎದ್ದಿತು, ಬಾಗಿಲ ಹಿಂದೆ ಸಿಕ್ಕಿಕೊಂಡ ನಾಯಿಮರಿಯ ಹಾಗೆ.

"ಪಂಪಿಗೆ ಎಣ್ಣೆ ಸಾಲ್ತಾ ಇಲ್ಲ. ಗಾಳಿ ಕುಡೀತಾ ಇದೆ" ಎಂದಿದ್ದ ಮೇಸ್ತ್ರಿ.

ಅವತ್ತು ಅವನು ತನ್ನ ಹಳೆಯ ಪದ್ಧತಿಯಲ್ಲೇ ಕೆಲಸ ಮಾಡಿದ್ದ. ಪೈಪು, ಪಂಪು, ಚಕ್ರಗಳನ್ನು ತಿರುಗಿಸುವ ಕೆಳಗಿನ ರ‍್ಯಾಕಿನ ಉದ್ದಕ್ಕೂ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟು, ಒಳಗಿನಿಂದ ಹೆಂಡತಿಯ ಪೌಡರ್ ಡಬ್ಬ ತಂದು ಎಲ್ಲದರ ಮೇಲೂ ಉದುರಿಸಿದ.

"ಮದುವೆಯಾಗಿ ಮೂವತ್ತು ವರ್ಷ ಆಯ್ತು. ನಂಗೆ ಒಂದು ದಿನಾನೂ ಪೌಡರ್ ತಂದುಕೊಟ್ಟೋರಲ್ಲ. ಗಾಡಿಗೆ ನೋಡು, ಮದುಮಗಳ ಶೃಂಗಾರ!" ಎಂದು ಹೆಂಡತಿ ಹೊಸ್ತಿಲಲ್ಲಿ ನಿಂತು ಸಿಡುಕಿದಳು.

"ನಿಂಗೆ ಯಾಕೆ ಪೌಡರ್? ನೀನು ಸೋರ್ತಾ ಇದ್ದೀಯಾ?"

ಮಗಳು ಬಿದ್ದು ಬಿದ್ದು ನಕ್ಕಿದ್ದಳು. ಇಂಜಿನ್ ಹಾಕಿ ಸ್ಟೀರಿಂಗನ್ನು ಆ ಕಡೆ ಈ ಕಡೆ ನಾಲ್ಕು ಸಲ ತಿರುಗಿಸಿದಾಗ, ಬಿಳಿ ಪೌಡರಿನ ನಡುವೆ ಒಂದೇ ಕಡೆ ಕೆಂಪಗೆ ಒದ್ದೆಯಾಯಿತು. ರ‍್ಯಾಕಿನಿಂದ ಡಬ್ಬಿಗೆ ಎಣ್ಣೆ ವಾಪಸು ಬರುವ ರಬ್ಬರ್ ಪೈಪಿನ ಬಾಯಿ. ಕ್ಲಿಪ್ಪು ಸಡಿಲವಾಗಿತ್ತು, ಪೈಪಿನ ತುದಿ ಸೀಳಿತ್ತು. ಅವನು ತುದಿ ಕತ್ತರಿಸಿ ಹೊಸ ಕ್ಲಿಪ್ಪು ಹಾಕಿದ. ಮುಂದಿನ ಚಕ್ರಗಳನ್ನು ಜಾಕಿಯ ಮೇಲೆತ್ತಿ, ಇಂಜಿನ್ ಹಾಕದೆ ಸ್ಟೀರಿಂಗನ್ನು ಮೆಲ್ಲಗೆ ತಿರುಗಿಸುತ್ತ, ಗುಳ್ಳೆ ಬರುವುದು ನಿಲ್ಲುವ ತನಕ ಎಣ್ಣೆ ಹೊಯ್ದ. ಅಳು ನಿಂತಿತು. ಕಾರಿನಡಿ ಹರಡಿದ ರಟ್ಟು ಮಾರನೆಯ ದಿನವೂ ಒಣಗಿಯೇ ಇತ್ತು, ಅದರ ಮಾರನೆಯ ದಿನವೂ.

ಆದರೆ ಶನಿವಾರ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಎಣ್ಣೆ ಎರಡು ಬೆರಳು ಕೆಳಗೆ. ಹೊಯ್ದ. ಮುಂದಿನ ಶನಿವಾರ ಮತ್ತೆ ಎರಡು ಬೆರಳು. ರಟ್ಟು ಒಣಗಿತ್ತು.

ಮಗಳು ನರ್ಸ್. ಗುಡ್ಡದಾಚೆಯ ಆಸ್ಪತ್ರೆಯಲ್ಲಿ ಅವಳ ಕೆಲಸ. ದಾರಿಯಲ್ಲಿ ನಾಲ್ಕೈದು ಮನೆ ಹೊಕ್ಕು, ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟಿಯೇ ಅವಳು ಆಸ್ಪತ್ರೆ ಸೇರಬೇಕು. ಗುಡ್ಡ ಹತ್ತುವ ತನಕ ರಸ್ತೆ ಸಲೀಸು. ನೆತ್ತಿಯ ನೀರಿನ ಟ್ಯಾಂಕು ದಾಟಿದರೆ ಹನ್ನೊಂದು ತಿರುವಿನ ಇಳಿಜಾರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಬರೀ ಗಾಳಿ. ದಿನಾ ಬೆಳಿಗ್ಗೆ ಅವಳು ಹೊರಟ ಮೇಲೆ ಒಂದೂವರೆ ಗಂಟೆ ಮೇಸ್ತ್ರಿ ಯಾವ ಕೆಲಸ ಹಿಡಿದಿದ್ದರೂ ಅವನ ಮನಸ್ಸು ಆ ಹನ್ನೊಂದು ತಿರುವುಗಳನ್ನು ಒಂದೊಂದಾಗಿ ಇಳಿಯುತ್ತಿತ್ತು. ಆಮೇಲೆ "ತಲುಪಿದೆ" ಎಂಬ ಅವಳ ಫೋನು. ಆಗ ಅವನಿಗೆ ಹೊಟ್ಟೆ ಹಸಿಯುತ್ತಿತ್ತು.

ಆ ಸೋಮವಾರ ಅವಳು ಹೊರಡುವ ಮುಂಚೆ ಅವನು ಇನ್ನೊಮ್ಮೆ ಕಾರಿನಡಿ ನುಸುಳಿದ. ರ‍್ಯಾಕಿನ ಎರಡು ತುದಿಗೂ ರಬ್ಬರಿನ ಬೂಟು ಇರುತ್ತದೆ, ಒಳಗಿನ ಕಬ್ಬಿಣಕ್ಕೆ ಧೂಳು ತಾಗದಿರಲಿ ಎಂದು ಮಡಿಕೆ ಮಡಿಕೆಯಾಗಿ ಸುತ್ತಿಕೊಂಡ ತೋಳಿನಂತಹದು. ಅದರಲ್ಲಿ ಗಾಳಿಯಲ್ಲದೆ ಬೇರೇನೂ ಇರಬಾರದು. ಅವನು ಬಲಗಡೆಯದನ್ನು ಅಮುಕಿದ. ತುಂಬಿದ ನೀರಿನ ಚೀಲದ ಹಾಗೆ ಅದು ಅವನ ಬೆರಳುಗಳ ನಡುವೆ ಹೊರಳಿತು.

"ಸಿಕ್ಕಿದ್ನಾ ಕಳ್ಳ?" ಎಂದು ಮಗಳು ಬಗ್ಗಿ ಕೇಳಿದಳು.

"ಸಿಕ್ಕಿದ. ಮನೆಯೊಳಗೇ ಕೂತಿದ್ದ."

ಬೂಟಿನ ಪಟ್ಟಿ ಸಡಿಲಿಸಿದೊಡನೆ ಎಣ್ಣೆ ಮಣಿಕಟ್ಟಿನ ಮೇಲೆ ಇಳಿಯಿತು. ಅವನು ಗಾಜಿನ ಸೀಸೆಯೊಂದನ್ನು ಹಿಡಿದು ಅಷ್ಟನ್ನೂ ತುಂಬಿಸಿಕೊಂಡ. ರ‍್ಯಾಕಿನ ಒಳಗೆ ಎಣ್ಣೆ ತಡೆಯುವ ರಬ್ಬರ್ ಸೀಲು ಹೋಗಿದೆ, ಅಲ್ಲಿಂದ ಜಾರಿದ ಎಣ್ಣೆ ಬೂಟಿನಲ್ಲಿ ಕೂತಿದೆ, ಅದಕ್ಕೇ ನೆಲ ಒಣಗಿದೆ. ಇಷ್ಟು ತಿಳಿದಾಗ ಅವನಿಗೆ ಸಮಾಧಾನವೇ ಆಯಿತು. ಒಂದು ಪ್ರಶ್ನೆ ಮಾತ್ರ ಮುಳ್ಳಿನ ಹಾಗೆ ಉಳಿಯಿತು. ಎರಡು ವರ್ಷದ ಹಿಂದೆ ತಾನೇ ಹಾಕಿದ ಸೀಲು. ಏಳೆಂಟು ವರ್ಷ ಬಾಳಬೇಕಾದದ್ದು.

"ಇವತ್ತು ತಗೊಂಡು ಹೋಗ್ಲಾ, ಬೇಡ್ವಾ? ಟ್ಯಾಂಕಿನ ಹತ್ತಿರದ ಅಜ್ಜನಿಗೆ ಪಟ್ಟಿ ಬದಲಾಯಿಸ್ಬೇಕು. ತಡ ಆದ್ರೆ ಪಾಪ, ಮಗುವಿನ ಹಾಗೆ ಅಳ್ತಾನೆ."

ಮೇಸ್ತ್ರಿ ಯೋಚಿಸಿದ. ಸ್ಟೀರಿಂಗಿನ ಎಣ್ಣೆ ಪೂರಾ ಹೋದರೂ ತಿರುಗಿಸಲು ಭಾರವಾಗುತ್ತದೆ ಅಷ್ಟೆ. ಕಬ್ಬಿಣಕ್ಕೆ ಕಬ್ಬಿಣ ಕೂಡಿಯೇ ಇರುತ್ತದೆ, ಚಕ್ರ ಮಾತು ಕೇಳುತ್ತದೆ.

"ಹೋಗು. ಸ್ಟೀರಿಂಗ್ ಕಲ್ಲಿನ ಹಾಗಾದ್ರೂ ಗಾಬರಿ ಬೀಳ್ಬೇಡ, ಎರಡೂ ಕೈ ಹಾಕಿ ಎಳಿ. ಕೊನೇವರೆಗೆ ತಿರುಗಿಸಿ ಹಿಡ್ಕೋಬೇಡ. ಸಂಜೆ ರ‍್ಯಾಕ್ ಇಳಿಸ್ತೀನಿ."

"ಅದಿರ್ಲಿ ಅಪ್ಪಾ, ಗಾಡಿ ಯಾಕೋ ಹಿಂದಕ್ಕೆ ಎಳೆದ ಹಾಗೆ ಆಗತ್ತೆ ಒಂದೆರಡು ದಿನದಿಂದ. ಯಾರೋ ಸೆರಗು ಹಿಡಿದ ಹಾಗೆ. ಪೆಟ್ರೋಲೂ ಜಾಸ್ತಿ ಕುಡೀತಿದೆ."

"ಪಂಪ್ ಬಿಗಿಯಾಗಿದ್ರೆ ಇಂಜಿನ್ನಿಗೆ ಹೊರೆ" ಎಂದು ಅವನು ಕೈ ಒರೆಸಿಕೊಂಡ. ಹೇಳಿದ ಮಾತು ತನಗೇ ಪೂರಾ ಒಪ್ಪಿಗೆಯಾಗಲಿಲ್ಲ. ಆದರೆ ಅವಳು ಆಗಲೇ ಇಂಜಿನ್ ಹಾಕಿದ್ದಳು.

ಅವಳು ಹೋದಳು. ಮೇಸ್ತ್ರಿ ಸೀಸೆಯನ್ನು ಮೇಜಿನ ಮೇಲಿಟ್ಟು, ತರಕಾರಿಯವನು ಬಿಟ್ಟುಹೋಗಿದ್ದ ವ್ಯಾನಿನ ಬಾಗಿಲ ಚಿಲಕಕ್ಕೆ ಕೈ ಹಾಕಿದ.

ಅರ್ಧ ಗಂಟೆಯಾಗಿರಬೇಕು. ಸ್ಪಾನರು ಬೇಕೆಂದು ಮೇಜಿನ ಹತ್ತಿರ ಬಂದವನು ಸೀಸೆಯ ಕಡೆ ನೋಡಿ ಅಲ್ಲೇ ನಿಂತ. ಕಲಕಿಕೊಂಡು ಇಳಿದ ಎಣ್ಣೆ ಈಗ ತಿಳಿಯಾಗಿತ್ತು. ತಿಳಿಯಾಗಿ ಎರಡಾಗಿತ್ತು. ಮೇಲೆ ಕೆಂಪು ಎಣ್ಣೆ. ಅದರಡಿ, ಗೆರೆ ಎಳೆದ ಹಾಗೆ, ಜೇನಿನ ಬಣ್ಣದ ಇನ್ನೊಂದು.

ಬೆಳಕಿಗೆ ಹಿಡಿದ. ಅಲ್ಲಾಡಿಸಿ ಮತ್ತೆ ಇಟ್ಟ. ಎರಡೂ ಬೆರೆಯಲು ಒಪ್ಪದೆ ನಿಧಾನವಾಗಿ ಬೇರೆಯಾಗತೊಡಗಿದವು. ಒಂದು ಕಡ್ಡಿ ಅದ್ದಿ ಕೆಳಗಿನದರ ತೊಟ್ಟನ್ನು ಮೂಲೆಯಲ್ಲಿ ಒರಗಿದ್ದ ಹಳೆಯ ಕಾರಿನ ಬಾಗಿಲ ಮೇಲೆ ಬಿಟ್ಟ. ಕಾದ. ನೋಡುತ್ತಿದ್ದಂತೆಯೇ ನೀಲಿ ಬಣ್ಣ ಸುಟ್ಟ ಚರ್ಮದ ಹಾಗೆ ಸುಕ್ಕಾಯಿತು.

ಬ್ರೇಕ್ ಎಣ್ಣೆ.

ಬ್ರೇಕ್ ಎಣ್ಣೆ ಸ್ಟೀರಿಂಗಿನೊಳಗೆ ಹೋದರೆ ಅಲ್ಲಿಯ ಸೀಲು ಮೆತ್ತಗಾಗಿ ಕೆಟ್ಟುಹೋಗುತ್ತದೆ. ಮೂರು ವಾರದ ಒಗಟು ಅಲ್ಲೇ ಒಡೆಯಿತು. ಆದರೆ ಹಾಕಿದವರು ಯಾರು? ಅವನು ಗೋಡೆಯ ಹಲಗೆಯ ಕಡೆ ತಿರುಗಿದ.

ಆ ಹಲಗೆಯ ಮೇಲಿನ ಬಾಟಲಿಗಳ ವಿಷಯ ಆ ಮನೆಗೇ ಸೇರಿದ್ದು. ಮೇಸ್ತ್ರಿ ಎಣ್ಣೆಯನ್ನು ದೊಡ್ಡ ಡಬ್ಬದಲ್ಲಿ ತರುತ್ತಿದ್ದ, ಖಾಲಿಯಾದ ಹಳೆಯ ಬಾಟಲಿಗಳಿಗೆ ಬಗ್ಗಿಸಿಕೊಳ್ಳುತ್ತಿದ್ದ. ಯಾವ ಬಾಟಲಿ ಕೈಗೆ ಸಿಕ್ಕಿತೋ ಅದಕ್ಕೆ. ಅದರ ಮೇಲೆ ಹಳೆಯ ಚೀಟಿ ಹಾಗೇ ಅಂಟಿಕೊಂಡಿರುತ್ತಿತ್ತು. ಅವನು ಮೂರನೇ ಕ್ಲಾಸು ದಾಟಿದವನಲ್ಲ, ಚೀಟಿಯ ಸಣ್ಣ ಅಕ್ಷರದ ಗೊಡವೆಗೆ ಹೋದವನಲ್ಲ. ಬಾಟಲಿಯ ಕತ್ತಿಗೆ ಸೆಣಬಿನ ದಾರ ಕಟ್ಟಿ ಬ್ರೇಕಿನದಕ್ಕೆ ಒಂದು ಗಂಟು, ಸ್ಟೀರಿಂಗಿನದಕ್ಕೆ ಎರಡು ಗಂಟು ಹಾಕುತ್ತಿದ್ದ. ಕತ್ತಲಲ್ಲೂ ಬೆರಳಿಗೆ ಗೊತ್ತಾಗಬೇಕು. ಹೆಂಡತಿಗೆ ಗೊತ್ತು, ಮಗಳಿಗೆ ನಡೆಯಲು ಕಲಿಯುವ ಮುಂಚಿನಿಂದ ಗೊತ್ತು. ಆ ಮನೆಯಲ್ಲಿ ಚೀಟಿ ಓದುವವರು ಯಾರೂ ಇರಲಿಲ್ಲ.

ಎಂಟು ತಿಂಗಳ ಹಿಂದಿನವರೆಗೆ.

ಅಳಿಯನಿಗೆ ಗ್ರಂಥಾಲಯದಲ್ಲಿ ಕೆಲಸ. ಸೌಮ್ಯ ಮನುಷ್ಯ, ನೆಲ ನೋಯುತ್ತದೇನೋ ಎಂಬಂತೆ ನಡೆಯುವವನು. ಬಾಡಿಗೆ ಮನೆ ಸಿಗುವ ತನಕ ಎಂದು ಮಾವನ ಮನೆಯ ಮಹಡಿಗೆ ಬಂದವನು ಅಲ್ಲೇ ಉಳಿದಿದ್ದ. "ನಮ್ಮ ಅಳಿಯಂದಿರು ಉಪ್ಪು ಸುತ್ತಿದ ಕಾಗದಾನೂ ಓದದೆ ಬಿಸಾಡಲ್ಲ" ಎಂದು ಅತ್ತೆ ಎಲ್ಲರ ಮುಂದೆ ಹೇಳುತ್ತಿದ್ದಳು. ಅದು ಹೊಗಳಿಕೆಯೋ ಅಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ. ಸ್ಪಾನರು ಹಿಡಿಯುವ ಮನೆಯಲ್ಲಿ ಬರೀ ಪುಸ್ತಕ ಹಿಡಿದು ಕೂರುವುದು ಅವನಿಗೆ ನಾಚಿಕೆಯಾಗಿತ್ತು ಎಂಬುದನ್ನು ಮೇಸ್ತ್ರಿ ಗಮನಿಸಿದ್ದ. ಗಮನಿಸಿ ಸುಮ್ಮನಿದ್ದ.

ಒಂದು ಗಂಟಿನ ಬಾಟಲಿ ಅರ್ಧಕ್ಕೆ ಇಳಿದಿತ್ತು. ಎರಡು ಗಂಟಿನ ಬಾಟಲಿಯನ್ನು ಎತ್ತಿ ನೋಡಿದ. ತಾನು ಹೊಯ್ದದ್ದಕ್ಕಿಂತ ಅದೂ ಹೆಚ್ಚು ಇಳಿದಿತ್ತು. ಬ್ರೇಕಿನ ಎಣ್ಣೆ ಸ್ಟೀರಿಂಗಿಗೆ ಹೋಗಿದೆ, ಸರಿ. ಹಾಗಾದರೆ ಸ್ಟೀರಿಂಗಿನ ಎಣ್ಣೆ ಎಲ್ಲಿಗೆ ಹೋಗಿದೆ?

"ಅಳಿಯಂದಿರೇ!"

ಅಳಿಯ ಕೈಯಲ್ಲಿ ಬಾಚಣಿಗೆ ಹಿಡಿದು ಮೆಟ್ಟಿಲಿಳಿದ. ಮಾವ ಹೀಗೆ ಕೂಗಿದ್ದನ್ನು ಅವನು ಎಂದೂ ಕೇಳಿರಲಿಲ್ಲ.

"ಮಗಳ ಕಾರಿಗೆ ನೀವೇನಾದ್ರೂ ಎಣ್ಣೆ ಹಾಕಿದ್ರಾ?"

ಅಳಿಯನ ಮುಖ ಅರಳಿತು. "ಗೊತ್ತಾಗ್ಬಿಡ್ತಾ ಮಾವ? ಹೇಳ್ಬಾರದು ಅಂತಿದ್ದೆ. ಮೂರು ಭಾನುವಾರದಿಂದ ನಾನೇ ನೋಡ್ತಿದ್ದೀನಿ. ನೀವು ಆ ಸೋರೋ ವಿಷಯಕ್ಕೆ ಅಷ್ಟು ಒದ್ದಾಡ್ತಿದ್ರಲ್ಲ. ಸ್ಟೀರಿಂಗಿನ ಡಬ್ಬಿ ಪೂರಾ ಗೆರೆವರೆಗೆ. ಬ್ರೇಕಿಂದೂ ಸ್ವಲ್ಪ ಕಮ್ಮಿ ಇತ್ತು, ಅದನ್ನೂ ತುಂಬಿಸಿದೆ. ಎರಡೂ ಬಾಟಲಿ ಚೀಟಿ ಓದಿಯೇ..."

ಮಾವನ ಮುಖ ನೋಡಿ ಅವನ ಮಾತು ಅಲ್ಲಿಗೇ ನಿಂತಿತು.

"ಫೋನ್ ಮಾಡಿ ಅವಳಿಗೆ. ನಿಂತಲ್ಲೇ ನಿಲ್ಲು ಅನ್ನಿ."

ಫೋನು ಹೊಡೆದುಕೊಂಡಿತು. ಮತ್ತೆ ಮಾಡಿದರೂ ಅಷ್ಟೆ. ಗಾಡಿ ಓಡಿಸುವಾಗ ಯಾರ ಫೋನು ಬಂದರೂ ಎತ್ತಬಾರದು, ಅಪ್ಪ ಸತ್ತ ಅಂತ ಬಂದರೂ ಎತ್ತಬಾರದು ಎಂದು ಅವಳಿಗೆ ಕಲಿಸಿದವನು ಮೇಸ್ತ್ರಿಯೇ.

ಅವನು ತರಕಾರಿ ವ್ಯಾನಿನ ಕೀಲಿ ಕಿತ್ತುಕೊಂಡ. ಅಳಿಯ ಬಾಚಣಿಗೆ ಹಿಡಿದುಕೊಂಡೇ ಪಕ್ಕಕ್ಕೆ ಹತ್ತಿದ. ಹಿಂದೆ ಖಾಲಿ ಬುಟ್ಟಿಗಳು ಉರುಳಾಡಿದವು. ಮೊದಲನೆಯ ಮನೆಯ ಮುಂದೆ ಕಾರಿರಲಿಲ್ಲ. ಎರಡನೆಯ ಮನೆಯ ಹೆಂಗಸು ಅಂಗಳ ಗುಡಿಸುತ್ತಿದ್ದವಳು, "ಆಗಲೇ ಹೋದ್ಳಲ್ಲ, ಕಾಲು ಗಂಟೆ ಆಯ್ತು. ಗಾಡಿ ಯಾಕೋ ವಾಸನೆ ಹೊಡೀತಿತ್ತು" ಎಂದಳು.

"ಏನಾಗತ್ತೆ ಮಾವ?" ಅಳಿಯ ಕೇಳಿದ. ಅವನ ಧ್ವನಿ ಬಟ್ಟೆಯಡಿಯಿಂದ ಬಂದ ಹಾಗಿತ್ತು.

"ಬ್ರೇಕಿನ ರಬ್ಬರಿಗೆ ಆ ಕೆಂಪು ಎಣ್ಣೆ ವಿಷ. ಊದಿಕೊಳ್ಳತ್ತೆ. ಹಿಡಿದ ಬ್ರೇಕು ಬಿಡಲ್ಲ, ಉಜ್ಜಿ ಉಜ್ಜಿ ಕಾಯತ್ತೆ. ಕಾದು ಕಾದು ಒಳಗಿನ ಎಣ್ಣೆ ಕುದಿದ್ರೆ, ಒತ್ತಿದ್ರೂ ಹಿಡಿಯಲ್ಲ."

"ಇಳಿಜಾರಲ್ಲಿ?"

ಮೇಸ್ತ್ರಿ ಗೇರು ಇಳಿಸಿದ. ಅವಳೇ ಹೇಳಿದ್ದಳಲ್ಲ, ಸೆರಗು ಹಿಡಿದ ಹಾಗೆ ಎಂದು. ಅವಳ ಬಾಯಿಂದ ಕೇಳಿಯೂ ತಾನು ಪಂಪಿನ ಕಥೆ ಹೇಳಿದ್ದ. ತನ್ನ ಬಾಯಿಂದಲೇ ಹೋಗು ಎಂದಿದ್ದ. ವ್ಯಾನು ಏರು ಹತ್ತಲಾರದೆ ಏದುಸಿರು ಬಿಡುತ್ತಿತ್ತು. ರಸ್ತೆಯ ಪಕ್ಕದಲ್ಲಿ ಜನ ತಮ್ಮ ಪಾಡಿಗೆ ತಾವಿದ್ದರು. ಒಬ್ಬ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದ. ಇಬ್ಬರು ಮುದುಕರು ಬೆಂಚಿನ ಮೇಲೆ ಯಾರನ್ನೋ ಆಡಿಕೊಂಡು ನಗುತ್ತಿದ್ದರು. ಯಾರಿಗೂ ಏನೂ ಆಗಿಲ್ಲ ಎಂಬುದೇ ಅವನಿಗೆ ಅಪಶಕುನದ ಹಾಗೆ ಕಂಡಿತು.

ಟ್ಯಾಂಕಿಗೆ ಎರಡು ತಿರುವು ಇರುವಾಗಲೇ ಮೂಗಿಗೆ ಬಂತು. ಸುಟ್ಟ ರಬ್ಬರು, ಕಾದ ಕಬ್ಬಿಣ. ಅವನ ಕಾಲು ತಾನಾಗಿ ಇನ್ನೂ ಜೋರಾಗಿ ಒತ್ತಿತು.

ಕಾರು ಟ್ಯಾಂಕಿನ ನೆರಳಲ್ಲಿತ್ತು. ಮೂತಿ ಇಳಿಜಾರಿನ ಕಡೆಗೆ. ಮುಂದಿನ ಎರಡು ಚಕ್ರಗಳಿಂದಲೂ ತೆಳ್ಳಗೆ ಹೊಗೆ. ಒಳಗೆ ಮಗಳು ಕೂತಿದ್ದಳು, ಕೈ ಕೀಲಿಯ ಮೇಲಿತ್ತು.

ಮೇಸ್ತ್ರಿ ವ್ಯಾನನ್ನು ತಂದು ಕಾರಿನ ಮುಂದೆ ಅಡ್ಡ ನಿಲ್ಲಿಸಿದ. ಇಳಿದು ಬಂದು ಕಾರಿನ ಬಾಗಿಲು ತೆಗೆದ.

"ಏನಪ್ಪಾ ಇದು, ತರಕಾರಿ ವ್ಯಾಪಾರ ಶುರು ಮಾಡಿದ್ರಾ ಮಾವ ಅಳಿಯ?" ಮಗಳು ನಕ್ಕಳು. ಆಮೇಲೆ ಇಬ್ಬರ ಮುಖ ನೋಡಿ ನಗು ನಿಲ್ಲಿಸಿದಳು. "ಅಜ್ಜನಿಗೆ ಪಟ್ಟಿ ಕಟ್ಟಿ ಬಂದ್ರೆ ಚಕ್ರ ಹೊಗೆ ಬಿಡ್ತಾ ಇತ್ತು. ಆರ್ಲಿ ಅಂತ ಒಂದೈದು ನಿಮಿಷ ಬಿಟ್ಟೆ. ಈಗ ಹೊರಡೋದ್ರಲ್ಲಿದ್ದೆ."

"ಇಳಿ ಮಗಾ."

"ತಡ ಆಗತ್ತೆ ಅಪ್ಪಾ..."

"ಇಳಿ ಅಂದೆ."

ಅವನು ಅವಳ ಜಾಗದಲ್ಲಿ ಕೂತು ಬ್ರೇಕಿನ ಮೇಲೆ ಕಾಲಿಟ್ಟ. ಮಾಗಿದ ಹಣ್ಣಿನೊಳಗೆ ಹೆಬ್ಬೆರಳು ಇಳಿದ ಹಾಗೆ ಪೆಡಲು ಇಳಿಯಿತು. ಇಳಿಯುತ್ತಲೇ ಹೋಗಿ ನೆಲಕ್ಕೆ ತಾಗಿತು. ಮುಂದಿನ ಗಾಜಿನಾಚೆ, ವ್ಯಾನಿನ ಪಕ್ಕದ ಸಂದಿಯಲ್ಲಿ, ಮೊದಲನೆಯ ತಿರುವಿನ ಕಟ್ಟೆ ಕಾಣುತ್ತಿತ್ತು. ಅದರ ಮೇಲೆ ಒಂದು ಕಾಗೆ.

ಬಾನೆಟ್ ಎತ್ತಿ ಬ್ರೇಕಿನ ಡಬ್ಬಿಯ ಮುಚ್ಚಳ ತಿರುಗಿಸಿದ. ಮುಚ್ಚಳದೊಳಗಿನ ರಬ್ಬರು ನೀರಲ್ಲಿ ನೆನೆದ ಹೆಣದ ಹಾಗೆ ಊದಿಕೊಂಡು ಹೊರಗೆ ಬಿತ್ತು. ಎಣ್ಣೆಯ ಮೇಲೆ ಕೆಂಪು ಕೆನೆ.

ಮಗಳು ನೋಡಿದಳು. ಎಷ್ಟಾದರೂ ಮೇಸ್ತ್ರಿಯ ಮಗಳು, ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇದಕ್ಕೆ ಸ್ಟೀರಿಂಗ್ ಎಣ್ಣೆ ಹಾಕಿದ್ಯಾರು ಅಪ್ಪಾ?"

ಮೇಸ್ತ್ರಿ ಒರೆಸುವ ಬಟ್ಟೆಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಅಳಿಯನೇ ಹೇಳಲಿ ಎಂದು ಕಾದ. ಹೇಳಿಬಿಟ್ಟರೆ ಮುಗಿಯಿತು. ನನ್ನದೂ ತಪ್ಪಿದೆ, ಗಂಟಿನ ವಿಷಯ ಇವರಿಗೆ ಯಾರೂ ಹೇಳಿರಲಿಲ್ಲ ಎಂದು ತಾನೂ ಸೇರಿಸಬಹುದು. ಅಳಿಯ ಬಾಚಣಿಗೆಯ ಹಲ್ಲುಗಳ ಮೇಲೆ ಹೆಬ್ಬೆರಳು ಎಳೆಯುತ್ತಿದ್ದ. ಕಿರ್ ಎಂದು ಸದ್ದು. ಮತ್ತೆ ಕಿರ್. ಮದುವೆಯಾಗಿ ವರ್ಷವೂ ತುಂಬಿಲ್ಲ, ಹೆಂಡತಿಯನ್ನು ಕೊಲ್ಲುತ್ತಿದ್ದೆ ಎಂದು ಹೆಂಡತಿಯ ಮುಂದೆಯೇ ಹೇಳುವುದು ಹೇಗೆ? ಮೇಸ್ತ್ರಿಗೆ ಅಯ್ಯೋ ಅನ್ನಿಸಿತು.

"ನಾನೇ" ಎಂದ. "ಕಣ್ಣು ಮಂಜಾಗಿದೆ. ಬಾಟಲಿ ಅದಲುಬದಲಾಯ್ತು."

ಹೇಳಿ ಮತ್ತೆ ಕಾದ. ಇಲ್ಲ ಮಾವ, ನಾನು, ಎಂಬ ಮಾತಿಗೆ ಜಾಗ ಬಿಟ್ಟು ಕಾದ. ಬಾಚಣಿಗೆಯ ಸದ್ದು ನಿಂತಿತು. ಅಳಿಯ ಬಾಚಣಿಗೆಯನ್ನು ಜೇಬಿಗೆ ಹಾಕಿಕೊಂಡು, ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು, "ಬಾ, ನೆರಳಲ್ಲಿ ಕೂತ್ಕೋ" ಎಂದ.

ಮುಂದಿನ ಐದು ದಿನ ಮೇಸ್ತ್ರಿ ಬೇರೆ ಗಾಡಿ ಮುಟ್ಟಲಿಲ್ಲ. ಬ್ರೇಕಿನ ರಬ್ಬರ್ ಎಂಬುದನ್ನೆಲ್ಲ ಕಿತ್ತು ಬಿಸಾಡಿದ. ಡಬ್ಬಿಯಿಂದ ನಾಲ್ಕು ಚಕ್ರದ ತನಕ ಕಬ್ಬಿಣದ ಪೈಪುಗಳನ್ನು ತೊಳೆದು, ಊದಿ, ಮತ್ತೆ ತೊಳೆದ. ಸ್ಟೀರಿಂಗಿನ ರ‍್ಯಾಕ್ ಇಳಿಸಿ ಹೊಸ ಸೀಲು ಕೂರಿಸಿದ. ಒಂದೊಂದು ನಟ್ಟನ್ನೂ ಬಿಗಿ ಮಾಡಿ, ಕೈ ತೊಳೆದು ಬಂದು, ಮತ್ತೆ ಮುಟ್ಟಿ ನೋಡಿದ. ಆರನೆಯ ದಿನ ತಾನೊಬ್ಬನೇ ಹನ್ನೊಂದು ತಿರುವನ್ನೂ ಇಳಿದು ಹತ್ತಿ ಬಂದ. ಗಾಡಿ ಹೂವಿನ ಹಾಗಿತ್ತು.

ಆ ದಿನಗಳಲ್ಲಿ ಅಳಿಯ ಶೆಡ್ಡಿಗೆ ಒಂದೇ ಸಲ ಬಂದ. ಬಂದವನು ಹಲಗೆಯ ಮುಂದೆ ನಿಂತು ಬಾಟಲಿಗಳನ್ನು ನೋಡಿದ. ಮೇಸ್ತ್ರಿ ಕಾರಿನಡಿ ಮಲಗಿದ್ದ. ಅವನಿಗೆ ಕಾಣುತ್ತಿದ್ದುದು ಪಾಲಿಶ್ ಮಾಡಿದ ಎರಡು ಬೂಟುಗಳು ಮಾತ್ರ.

"ಮಾವ, ಅವತ್ತು ನೀವು ಹೇಳಿದ್ರಲ್ಲ..."

"ಹ್ಞೂಂ."

"ಅದು ಹಾಗೇ ಇರ್ಲಿ ಅಲ್ವಾ? ಈಗ ಹೇಳಿದ್ರೆ ಅವಳಿಗೆ ಸುಮ್ಮನೆ ನೋವು. ಎಲ್ಲರಿಗೂ ಒಳ್ಳೇದು."

ಮೇಸ್ತ್ರಿ ಕಾರಿನಡಿಯಿಂದ ಈಚೆಗೆ ಜಾರತೊಡಗಿದ. ಅಷ್ಟರಲ್ಲಿ ಬೂಟುಗಳು ತಿರುಗಿ, ನೆಲ ನೋಯದ ಹಾಗೆ, ಹೊರಗೆ ಹೋದವು. ಒಬ್ಬ ಮನುಷ್ಯ ಹೆದರಿ ಬಾಯಿ ಮುಚ್ಚಿಕೊಂಡರೆ ಅದು ಒಂದು ಗಳಿಗೆಯ ಮಾತು, ಅದನ್ನು ಕ್ಷಮಿಸಬಹುದು. ಯೋಚಿಸಿ, ಬೂಟು ಹಾಕಿಕೊಂಡು, ಬಾಯಿ ಮುಚ್ಚಿಡಲು ಕೇಳಿಕೊಂಡು ಬಂದರೆ ಅದು ಬೇರೆ. ಇವನ ಕೈಯಲ್ಲಿ ನಾಳೆ ಇನ್ನೊಂದು ತಪ್ಪಾದರೆ ಅದು ಯಾರ ಕಿವಿಗೂ ಬೀಳುವುದಿಲ್ಲ. ಚಕ್ರ ಹೊಗೆಯಾಡುವ ತನಕ ಬೀಳುವುದಿಲ್ಲ. ಮಗಳಿಗೆ ಹೇಳಲೇಬೇಕು ಎಂದು ಅವನು ಅಲ್ಲೇ ನಿಶ್ಚಯ ಮಾಡಿದ.

ಸೋಮವಾರ ಬೆಳಿಗ್ಗೆ ಅವಳು ಚೀಲ ಹಿಡಿದು ಬಂದಾಗ ಅಳಿಯ ಇನ್ನೂ ಮಹಡಿಯಲ್ಲಿದ್ದ. ಮೇಸ್ತ್ರಿ ಕೀಲಿ ಕೊಡದೆ ಕೈಯಲ್ಲೇ ಹಿಡಿದುಕೊಂಡ.

"ಮಗಾ, ಒಂದು ಮಾತು. ಆ ಎಣ್ಣೆ ಹಾಕಿದ್ದು ನಾನಲ್ಲ."

ಮಗಳು ಚೀಲವನ್ನು ಕಾರಿನ ಮೇಲಿಟ್ಟಳು. ಅವಳಿಗೆ ಆಶ್ಚರ್ಯವಾಗಲಿಲ್ಲ. ಅವಳು ಅವನ ಕೈ ಹಿಡಿದುಕೊಂಡಳು. ಅವಳು ದಿನಾ ಮುದುಕರ ಕೈ ಹಿಡಿಯುವುದು ಹೀಗೆಯೇ ಇರಬೇಕು, ಮೆತ್ತಗೆ, ನಾಡಿ ಎಣಿಸುವ ಹಾಗೆ.

"ಅವರು ಮೊದಲೇ ಹೇಳಿದ್ರು ಅಪ್ಪಾ. ಮಾವ ಹೀಗೆ ಏನಾದ್ರೂ ಹೇಳಬಹುದು, ಬೇಜಾರು ಮಾಡ್ಕೋಬೇಡ ಅಂತ."

"ಏನು ಹೇಳಿದ್ರು?"

"ನೀನು ಒಳಗೊಳಗೇ ಕೊರಗ್ತಾ ಇದ್ದೀಯ, ಮನಸ್ಸಿಗೆ ತಡೆಯಕ್ಕಾಗದೆ ಅವರ ಮೇಲೆ ಹಾಕಿದ್ರೂ ಹಾಕಬಹುದು ಅಂತ. ಅವರಿಗೆ ನಿನ್ನ ಮೇಲೆ ಸಿಟ್ಟಿಲ್ಲಪ್ಪ. ನಂಗೂ ಇಲ್ಲ. ವಯಸ್ಸಾದ ಮೇಲೆ ಮರೆವು ಎಲ್ಲರಿಗೂ ಬರತ್ತೆ. ನಮ್ಮ ಆಸ್ಪತ್ರೆಯಲ್ಲಿ ಒಳ್ಳೇ ಡಾಕ್ಟರ್ ಇದ್ದಾರೆ, ಒಂದ್ಸಲ ತೋರಿಸೋಣ."

"ಮಗಾ, ಬಾಟಲಿಯ ಗಂಟು ನಾನು ತಪ್ಪುತೀನಾ? ನೀನೇ ಹೇಳು. ನಿದ್ದೆಗಣ್ಣಲ್ಲಾದ್ರೂ ತಪ್ಪುತೀನಾ?"

ಒಂದು ಗಳಿಗೆ ಅವಳ ಕಣ್ಣು ಹಲಗೆಯ ಕಡೆ ಹೋಯಿತು. ಅಲ್ಲಿನ ದಾರದ ಗಂಟುಗಳ ಮೇಲೆ ನಿಂತಿತು. ಆಗ ಮೆಟ್ಟಿಲ ಮೇಲೆ ಅಳಿಯನ ಹೆಜ್ಜೆ ಸದ್ದು. ಅವಳು ಕಣ್ಣು ತೆಗೆದಳು.

"ನೀನೇ ಅಲ್ವಾ ಅಪ್ಪಾ ಹೇಳಿದ್ದು? ಟ್ಯಾಂಕಿನ ಹತ್ತಿರ, ನನ್ನ ಮುಂದೆ, ನಾನೇ ಅಂತ."

ಮೇಸ್ತ್ರಿ ಕೀಲಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

ಅಳಿಯ ಬಂದ. ಅವನ ಕೈಯಲ್ಲಿ ಅಂಗಡಿಯಿಂದ ತಂದ ಎರಡು ಹೊಸ ಬಾಟಲಿಗಳಿದ್ದವು, ಸೀಲು ಒಡೆಯದವು. "ನೀವಿನ್ನು ಆರಾಮಾಗಿರಿ ಮಾವ" ಎಂದ. ಧ್ವನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪ್ರೀತಿಯೇ ಇತ್ತು. ಬಹುಶಃ ತಾನು ಹೇಳಿದ್ದನ್ನು ಅವನು ಈಗ ನಂಬಿಯೂ ಇದ್ದ. "ಇನ್ಮೇಲೆ ಇವಳ ಗಾಡಿ ಎಣ್ಣೆ, ಬ್ರೇಕು, ಎಲ್ಲಾ ನಾನೇ ನೋಡ್ಕೋತೀನಿ. ಪುಸ್ತಕ ತಂದಿದ್ದೀನಿ, ಓದ್ಕೊಂಡು ಮಾಡ್ತೀನಿ."

ಮಗಳು ತಂದೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೀಲಿ ತೆಗೆದುಕೊಂಡಳು.

ಕಾರು ಶೆಡ್ಡಿನಿಂದ ಹಿಂದಕ್ಕೆ ಸರಿದು ರಸ್ತೆಗೆ ತಿರುಗಿತು. ಸ್ಟೀರಿಂಗ್ ಒಂದಿಷ್ಟೂ ಅಳಲಿಲ್ಲ. ಅಳಿಯ ಬಾಟಲಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೈ ಬೀಸಿದ. ಆಮೇಲೆ ಒಳಗೆ ಬಂದು, ಹಲಗೆಯ ಮೇಲಿನ ಹಳೆಯ ಬಾಟಲಿಗಳನ್ನು ಇಳಿಸಿ ಜಾಗ ಮಾಡತೊಡಗಿದ.